ಭೂಮಿಯ ಕಡೆಗೇ ತಿರುಗಿರೋ ಟೆಲಿಸ್ಕೋಪ್

ಟೆಲಿಸ್ಕೋಪ್ ಅಂದ ತಕ್ಷಣ ನಮಗೆ ಹೊಳೆಯೋದು ಆಕಾಶ ನೋಡೋ ಯಂತ್ರ. ಹಬಲ್ ಇರಲಿ, ನಮ್ಮ ಆಸ್ಟ್ರೋಸ್ಯಾಟ್ ಇರಲಿ, ಎಲ್ಲವೂ ಭೂಮಿಗೆ ಬೆನ್ನು ಹಾಕಿ ಕೂತಿರುವಂಥವು. ಆದರೆ 2019ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮಿನಿ-ಯೂಸೋ ಅನ್ನೋ ಪುಟ್ಟ ಟೆಲಿಸ್ಕೋಪ್ ನೋಡೋದು ನೇರ ಕೆಳಗೆ. ರಷ್ಯಾದ ಜ್ವೆಜ್ದಾ ಮಾಡ್ಯೂಲ್‌ನಲ್ಲಿ ಭೂಮಿಗೆ ಎದುರಾಗಿ ಒಂದು ಕಿಟಕಿ ಇದೆ, ಅದರ ಗಾಜು ನೇರಳಾತೀತ ಬೆಳಕನ್ನು ಒಳಗೆ ಬಿಡುತ್ತೆ. ಆ ಕಿಟಕಿಗೆ ಇದನ್ನು ಸಿಕ್ಕಿಸಿ, ಕತ್ತಲಲ್ಲಿರೋ ಭೂಮಿಯನ್ನು 290ರಿಂದ 430 ನ್ಯಾನೋಮೀಟರ್ ತರಂಗಾಂತರದಲ್ಲಿ ನೋಡ್ತಾರೆ.

ಕೆಳಗೆ ನೋಡಿ ಹುಡುಕಬೇಕಾಗಿರೋದು ಏನನ್ನು? ಹೊರಗಿಂದ ಬರೋ ಕಾಸ್ಮಿಕ್ ಕಿರಣಗಳನ್ನು. ಹೆಸರು ಕಿರಣ ಅಂತಿದ್ರೂ ಅವು ಕಣಗಳು: ಪ್ರೋಟಾನ್‌ಗಳು, ಭಾರವಾದ ಪರಮಾಣುಗಳ ನ್ಯೂಕ್ಲಿಯಸ್‌ಗಳು. ಸಾಮಾನ್ಯ ಕಾಸ್ಮಿಕ್ ಕಣಗಳು ಬೇಕಾದಷ್ಟಿವೆ, ನೀವು ಇದನ್ನು ಓದೋ ಹೊತ್ತಿಗೆ ಅವುಗಳಿಂದ ಹುಟ್ಟಿದ ಮ್ಯೂಆನ್‌ಗಳು ನಿಮ್ಮ ಮೈಯೊಳಗಿಂದ ಹಾದುಹೋಗ್ತಾ ಇವೆ. ತಲೆನೋವು ಇರೋದು ಅತಿ ಶಕ್ತಿಯ ಕಣಗಳದ್ದು. 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ಫ್ಲೈಸ್ ಐ ಅನ್ನೋ ಉಪಕರಣ ಒಂದು ಕಣ ಬಂದಿದ್ದನ್ನು ದಾಖಲಿಸಿತು. ಅದರ ಶಕ್ತಿ ಸುಮಾರು 51 ಜೂಲ್. 160 ಗ್ರಾಂ ಕ್ರಿಕೆಟ್ ಬಾಲ್ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದರೆ 50 ಜೂಲ್ ಆಗುತ್ತೆ, ಲೆಕ್ಕ ಹಾಕಿ ನೋಡಿ. ಅಂದ್ರೆ ಸ್ಪಿನ್ನರ್ ಹಾಕಿದ ಒಂದು ಬಾಲ್‌ನ ಶಕ್ತಿ ಪೂರ್ತಿ ಒಂದೇ ಒಂದು ಕಣದೊಳಗೆ! ಇಂಥದ್ದನ್ನು ವೇಗಗೊಳಿಸೋ ಜಾಗ ಬ್ರಹ್ಮಾಂಡದಲ್ಲಿ ಎಲ್ಲಿದೆ ಅನ್ನೋದು ಇವತ್ತಿಗೂ ಇತ್ಯರ್ಥವಾಗದ ಪ್ರಶ್ನೆ.

ಇತ್ಯರ್ಥ ಆಗದೇ ಇರೋಕೆ ಕಾರಣ ಸ್ಯಾಂಪಲ್ ಸೈಜ್. 10ರ 20ನೇ ಘಾತ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚಿನ ಶಕ್ತಿಯ ಕಣಗಳು ಒಂದು ಚದರ ಕಿ.ಮೀ.ಗೆ ಹೆಚ್ಚುಕಡಿಮೆ ನೂರು ವರ್ಷಕ್ಕೆ ಒಂದು ಬರುತ್ತವೆ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ಅದಕ್ಕೇ 3000 ಚದರ ಕಿ.ಮೀ. ಬಯಲಿನಲ್ಲಿ ನೀರಿನ ಟ್ಯಾಂಕ್‌ಗಳನ್ನು ಹರಡಿಕೊಂಡು ಕೂತಿದೆ. ಮಿನಿ-ಯೂಸೋ 400 ಕಿ.ಮೀ. ಎತ್ತರದಿಂದ ಒಂದು ಕ್ಷಣಕ್ಕೆ ನೋಡೋ ಜಾಗ ಸುಮಾರು 300 ಕಿ.ಮೀ. ಉದ್ದ, ಅಷ್ಟೇ ಅಗಲ. ಕರ್ನಾಟಕದ ಹೆಚ್ಚುಕಡಿಮೆ ಅರ್ಧ. ಟ್ಯಾಂಕ್ ಇಡೋದು ಬೇಡ, ಬೇಲಿ ಹಾಕೋದು ಬೇಡ. 1980ರ ಸುಮಾರಿಗೇ ಜಾನ್ ಲಿನ್ಸ್ಲಿ ಮುಂದಿಟ್ಟ ಯೋಚನೆ ಇದು.

ಆದರೆ ಮೇಲಿಂದ ಕಾಣೋದು ಹೇಗೆ? ಅಷ್ಟು ಶಕ್ತಿಯ ಕಣ ಗಾಳಿಗೆ ಬಡಿದಾಗ ಅದು ಇನ್ನಷ್ಟು ಕಣಗಳನ್ನು, ಅವು ಮತ್ತಷ್ಟನ್ನು ಹುಟ್ಟಿಸಿ, ಕೋಟ್ಯಂತರ ಕಣಗಳ ಒಂದು ಮಳೆ ಕೆಳಗಿಳಿಯುತ್ತೆ. ಈ ಮಳೆ ದಾರಿಯಲ್ಲಿರೋ ನೈಟ್ರೋಜನ್ ಅಣುಗಳನ್ನು ಕೆಣಕುತ್ತೆ, ಅವು 337, 357, 391 ನ್ಯಾನೋಮೀಟರ್‌ನಲ್ಲಿ ಮಂಕಾಗಿ ಹೊಳೆಯುತ್ತವೆ. ಟ್ಯೂಬ್‌ಲೈಟ್ ಒಳಗೆ ನಡೆಯೋ ಕೆಲಸವೇ, ಇಲ್ಲಿ ಟ್ಯೂಬ್ ಬದಲು ಇಡೀ ವಾತಾವರಣ. ಬೆಳಕಿನ ವೇಗದಲ್ಲಿ ಓಡೋ ಈ ಗೆರೆ 20 ಕಿ.ಮೀ. ಉದ್ದ ಇದ್ದರೆ ಮುಗಿಯೋಕೆ 67 ಮೈಕ್ರೋಸೆಕೆಂಡ್ ಸಾಕು.

ಈಗ ನಿಜವಾದ ಕಷ್ಟಕ್ಕೆ ಬರೋಣ. ಈ 67 ಮೈಕ್ರೋಸೆಕೆಂಡ್‌ನ ಮಿಣುಕನ್ನು ಹುಡುಕಬೇಕಾಗಿರೋದು ಕತ್ತಲಲ್ಲಿ ಅಲ್ಲ. ರಾತ್ರಿಯ ಭೂಮಿ ನೇರಳಾತೀತದಲ್ಲಿ ಒಂದು ಸಂತೆ. ಮೇಲಿನ ವಾತಾವರಣ ತಾನಾಗೇ ಸಣ್ಣಗೆ ಹೊಳೀತಾ ಇರುತ್ತೆ, ಮೋಡಗಳು ಬೆಳದಿಂಗಳನ್ನು ವಾಪಸ್ ಎರಚುತ್ತವೆ, ಊರುಗಳ ದೀಪ, ಮಿಂಚು, ಉಲ್ಕೆಗಳು ಬೇರೆ. ನಮ್ಮ ಕಮ್ಯುನಿಕೇಷನ್ ಸಿಲಬಸ್‌ನಲ್ಲಿ ಬರೋ ಸಿಗ್ನಲ್-ನಾಯ್ಸ್ ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಇಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ ನೆನಪಾಗುತ್ತೆ. ಅಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಪತ್ತೆ ಮಾಡಿದ್ರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆ ತಂಡದಲ್ಲಿದ್ದ ಬಿ. ವಿ. ಶ್ರೀಕಂಠನ್ ನಂಜನಗೂಡಿನವರು. ಗಣಿಯಲ್ಲಿ ಬೇಡದ ಕಣಗಳನ್ನೆಲ್ಲ ಬಂಡೆಯೇ ಸೋಸಿಬಿಡುತ್ತಿತ್ತು. ಬಾಹ್ಯಾಕಾಶದಲ್ಲಿ ಬಂಡೆ ಎಲ್ಲಿಂದ ತರೋದು? ಅಲ್ಲಿ ಜರಡಿ ಅಂದ್ರೆ ಕಾಲ. ಒಂದೊಂದು ಬೆಳಕಿಗೂ ತನ್ನದೇ ಅವಧಿ ಇದೆ: ಊರಿನ ದೀಪ ಆರದೇ ಉರಿಯುತ್ತೆ, ಉಲ್ಕೆ ಸುಮಾರು ಒಂದು ಸೆಕೆಂಡ್, ಮಿಂಚು ಮಿಲಿಸೆಕೆಂಡ್‌ಗಳ ಲೆಕ್ಕ, ಕಣದ ಮಳೆ ಮೈಕ್ರೋಸೆಕೆಂಡ್‌ಗಳ ಲೆಕ್ಕ.

ಮಿನಿ-ಯೂಸೋದ ಡಿಸೈನ್ ಪೂರ್ತಿ ಇದರ ಮೇಲೇ ನಿಂತಿದೆ. 25 ಸೆಂ.ಮೀ. ವ್ಯಾಸದ ಎರಡು ಫ್ರೆನೆಲ್ ಲೆನ್ಸ್, ಹಿಂದೆ 36 ಫೋಟೋಮಲ್ಟಿಪ್ಲೈಯರ್, ಒಂದೊಂದರಲ್ಲಿ 64 ಪಿಕ್ಸೆಲ್, ಒಟ್ಟು 2304. ನಮ್ಮ ಫೋನ್ ಕ್ಯಾಮೆರಾ ಮುಂದೆ ಇದು ಏನೂ ಅಲ್ಲ ಅನ್ನಿಸಬಹುದು. ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಸುಮಾರು 6 ಕಿ.ಮೀ.! ಆದರೆ ಇದು 2.5 ಮೈಕ್ರೋಸೆಕೆಂಡ್‌ಗೊಂದು ಫ್ರೇಮ್ ತೆಗೆಯುತ್ತೆ, ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುತ್ತೆ. ಸೆಕೆಂಡಿಗೆ 4 ಲಕ್ಷ ಫ್ರೇಮ್, ಅಂದ್ರೆ 92 ಕೋಟಿ ಸಂಖ್ಯೆಗಳು. ಒಂದಕ್ಕೆ ಒಂದು ಬೈಟ್ ಅಂದುಕೊಂಡರೂ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಜಿಬಿ. ಎಲ್ಲ ಇಟ್ಟುಕೊಳ್ಳೋದು ಆಗದ ಮಾತು.

ಅದಕ್ಕೆ ಮಾಡಿರೋ ಉಪಾಯ ಸರಳವಾಗಿದೆ, ನನಗೆ ತುಂಬಾ ಇಷ್ಟವಾಗಿದ್ದೂ ಇದೇ. 128 ಫ್ರೇಮ್ ಕೂಡಿಸಿದರೆ 320 ಮೈಕ್ರೋಸೆಕೆಂಡ್‌ನ ಒಂದು ಫ್ರೇಮ್. ಅಂಥ 128 ಕೂಡಿಸಿದರೆ 40.96 ಮಿಲಿಸೆಕೆಂಡ್‌ನ ಒಂದು ಫ್ರೇಮ್. ನಿಧಾನದ ಈ ಕೊನೇ ಸಿನಿಮಾ ಬಿಡದೆ ದಾಖಲಾಗುತ್ತೆ, ಊರು, ಮೋಡ, ಉಲ್ಕೆ ಎಲ್ಲ ಅದರಲ್ಲಿ ಸಿಗುತ್ತೆ. ವೇಗದ ಎರಡು ಸಿನಿಮಾಗಳಲ್ಲಿ ಟ್ರಿಗರ್ ಆದ ತುಣುಕು ಮಾತ್ರ ಉಳಿಯುತ್ತೆ. ಟ್ರಿಗರ್ ಮಟ್ಟವೂ ಒಂದೇ ಕಡೆ ನಿಂತಿರಲ್ಲ. ನಿಲ್ದಾಣ ಸಮುದ್ರ ದಾಟಿ ಊರಿನ ಮೇಲೆ ಬಂದಾಗ ಹಿನ್ನೆಲೆ ಬೆಳಕಿನ ಜೊತೆ ಅದೂ ಏರಬೇಕು, ಇಲ್ಲದಿದ್ರೆ ಪ್ರತಿ ಬೀದಿದೀಪವೂ ಕಾಸ್ಮಿಕ್ ಕಿರಣವೇ. ಡೇಟಾ ಭೂಮಿಗೆ ಬರೋ ರೀತಿ ಕೇಳಿದ್ರೆ ನಗ್ತೀರಿ: ಸ್ವಲ್ಪ ಭಾಗ ರೇಡಿಯೋದಲ್ಲಿ ಬರುತ್ತೆ, ಉಳಿದದ್ದು ಯುಎಸ್‌ಬಿ ಡಿಸ್ಕ್‌ನಲ್ಲಿ. ಗಗನಯಾತ್ರಿಗಳು ವಾಪಸ್ ಬರೋವಾಗ ಜೊತೆಗೆ ತರ್ತಾರೆ.

ಈ ಸಂತೆಯಲ್ಲಿ ಸಿಕ್ಕ ಒಳ್ಳೆ ಸರಕು ಎಲ್ವ್ಸ್. ಜೋರಾದ ಮಿಂಚಿನ ವಿದ್ಯುತ್ಕಾಂತೀಯ ಅಲೆ ಸುಮಾರು 90 ಕಿ.ಮೀ. ಎತ್ತರದಲ್ಲಿ ಅಯಾನುಗೋಳದ ತಳಕ್ಕೆ ತಗುಲಿದಾಗ ಬೆಳಕಿನ ಒಂದು ಬಳೆ ಹುಟ್ಟಿ, ಒಂದು ಮಿಲಿಸೆಕೆಂಡ್ ಒಳಗೆ ನೂರಾರು ಕಿ.ಮೀ. ಅಗಲ ಆಗಿ ಮಾಯವಾಗುತ್ತೆ. ಮಿನಿ-ಯೂಸೋ ಇದರ ಬೆಳವಣಿಗೆಯನ್ನು ಫ್ರೇಮ್ ಫ್ರೇಮ್ ಆಗಿ ಹಿಡಿದಿದೆ. ಇದರಲ್ಲೊಂದು ಮಜಾ ಇದೆ: ಈ ಬಳೆ ಬೆಳಕಿಗಿಂತ ವೇಗವಾಗಿ ಹರಡುತ್ತೆ. ಪೈಥಾಗೊರಸ್ ಸಾಕು. ಅಲೆ 150 ಕಿ.ಮೀ. ಸಾಗಿದಾಗ, ಎತ್ತರ 90 ಆದ್ದರಿಂದ, ಬಳೆಯ ತ್ರಿಜ್ಯ 120. ಡಿಫರೆನ್ಷಿಯೇಟ್ ಮಾಡಿದರೆ ಆ ಕ್ಷಣದಲ್ಲಿ ತ್ರಿಜ್ಯ ಬೆಳೆಯೋ ವೇಗ ಬೆಳಕಿನ ವೇಗದ 150/120, ಅಂದ್ರೆ 1.25 ಪಟ್ಟು. ಐನ್‌ಸ್ಟೈನ್‌ಗೆ ಏನೂ ತೊಂದರೆ ಇಲ್ಲ, ಯಾವ ವಸ್ತುವೂ ಆ ದಾರಿಯಲ್ಲಿ ಓಡ್ತಾ ಇಲ್ಲ.

ಹಾಗಾದ್ರೆ ಕಾಸ್ಮಿಕ್ ಕಿರಣ ಸಿಕ್ತಾ? ಮಿನಿ-ಯೂಸೋದಿಂದ ಅದನ್ನು ನಿರೀಕ್ಷಿಸೋದೇ ತಪ್ಪು. 25 ಸೆಂ.ಮೀ. ಲೆನ್ಸ್‌ಗೆ ಕಾಣಬೇಕಾದರೆ ಕಣದ ಶಕ್ತಿ 10ರ 21ನೇ ಘಾತ ದಾಟಿರಬೇಕು, ಅಷ್ಟು ಶಕ್ತಿಯದ್ದನ್ನು ಇದುವರೆಗೆ ಯಾರೂ ಖಚಿತವಾಗಿ ನೋಡಿಲ್ಲ. ಇದರ ಕೆಲಸ ಹಿನ್ನೆಲೆಯ ನಕ್ಷೆ ಮಾಡಿಕೊಡೋದು. ಇದೇ ಬಳಗದವರು 2023ರ ಮೇನಲ್ಲಿ ನ್ಯೂಜಿಲೆಂಡ್‌ನಿಂದ ದೊಡ್ಡ ಟೆಲಿಸ್ಕೋಪ್‌ಗಳನ್ನು ಬಲೂನ್‌ನಲ್ಲಿ ಹಾರಿಸಿದ್ರು. ಬಲೂನ್ ಸೋರಿ, ಎರಡು ದಿನ ತುಂಬೋ ಮೊದಲೇ ಎಲ್ಲ ಪೆಸಿಫಿಕ್ ಸಮುದ್ರದ ಪಾಲು.

ನಕ್ಷೆ ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ರಷ್ಯಾದ ಟಸ್ ಉಪಕರಣದ ಕಥೆ ಕೇಳಿ. 2016ರ ಏಪ್ರಿಲ್‌ನಲ್ಲಿ ಲೊಮೊನೊಸೊವ್ ಉಪಗ್ರಹದ ಜೊತೆ ಕಕ್ಷೆಗೆ ಹೋದ ಇದರಲ್ಲಿ ಸುಮಾರು 2 ಚದರ ಮೀಟರ್ ಕನ್ನಡಿ ಇತ್ತು. ಅದೇ ವರ್ಷ ಅಕ್ಟೋಬರ್ 3ರಂದು ಅಮೆರಿಕದ ಮಿನ್ನೆಸೋಟಾ ಮೇಲೆ ಅದಕ್ಕೊಂದು ಸಿಗ್ನಲ್ ಸಿಕ್ತು. ಅವಧಿ, ಆಕಾರ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸರಿಯೋ ರೀತಿ ಎಲ್ಲ ಕಣದ ಮಳೆಯ ಥರವೇ. ಸರಿಹೋಗದೇ ಇದ್ದಿದ್ದು ಹೊಳಪು ಮಾತ್ರ. ಅಷ್ಟು ಬೆಳಕು ಕೊಡೋಕೆ ಕಣದ ಶಕ್ತಿ 10ರ 21ನೇ ಘಾತ ಎಲೆಕ್ಟ್ರಾನ್ ವೋಲ್ಟ್ ಮಟ್ಟದಲ್ಲಿ ಇರಬೇಕಿತ್ತು. ಕಕ್ಷೆಯಿಂದ ಕಂಡ ಮೊದಲ ಅತಿ ಶಕ್ತಿಯ ಕಾಸ್ಮಿಕ್ ಕಿರಣ ಅಂತ ಹೆಡ್‌ಲೈನ್ ಮಾಡೋಕೆ ಎಲ್ಲ ಇತ್ತು. ತಂಡ ಹಾಗೆ ಮಾಡಲಿಲ್ಲ. ಕೆಳಗೆ ಊರುಗಳಿವೆ, ವಿಮಾನ ನಿಲ್ದಾಣಗಳಿವೆ, ಅಲ್ಲಿನ ಯಾವುದಾದರೂ ಮಿನುಗು ದೀಪ ಇರಬಹುದಾ ಅಂತ ಹುಡುಕಿದ್ರು, ಕೊನೆಗೆ "ಕಣದ ಮಳೆಯನ್ನು ಹೋಲುವ ಘಟನೆ" ಅಂತಷ್ಟೇ ಪ್ರಕಟಿಸಿದ್ರು. ಇವತ್ತಿಗೂ ಅದರ ಹೆಸರು ಅದೇ.