ಲುಹ್ಯಾ ನುಡಿಗಳಲ್ಲಿ ಒಲವು ಮತ್ತು ಹಂಬಲ

ಪಶ್ಚಿಮ ಕೆನ್ಯಾದ ಲುಹ್ಯಾ ಎಂಬುದು ಬಾಂಟು ವರ್ಗದ ಹಲವು ನುಡಿಗಳಿಗಿರುವ ಸಾಮೂಹಿಕ ಹೆಸರು. ಆದ್ದರಿಂದ 'ಪ್ರೀತಿಗೆ ಲುಹ್ಯಾದಲ್ಲಿ ಏನೆನ್ನುತ್ತಾರೆ' ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯವಿಲ್ಲ. ಬುಕುಸುವಿನಲ್ಲಿ ಒಲವಿನ ಧಾತು 'ಸೀಮ್', ಲೊಗೂಲಿಯಲ್ಲಿ 'ಯಾಂಜ್'. ಧಾತುಗಳು ಬೇರೆಯಾದರೂ ಅವುಗಳ ರಚನಾಕ್ರಮ ಒಂದೇ. ಎರಡಕ್ಕೂ 'ಅನ್' ಪ್ರತ್ಯಯ ಸೇರಿದಾಗ ಒಲವು ಪರಸ್ಪರವಾಗುತ್ತದೆ. ಕನ್ನಡವು 'ಒಬ್ಬರನ್ನೊಬ್ಬರು' ಎಂದು ಬಿಡಿಸಿ ಹೇಳುವುದನ್ನು ಇಲ್ಲಿ ಕ್ರಿಯಾಪದವೇ ತನ್ನೊಳಗೆ ಹೇಳಿಬಿಡುತ್ತದೆ. ಹಂಬಲಕ್ಕೆ ಮೂಲವಾದ 'ಬೇಕು' ಎಂಬರ್ಥದಲ್ಲಂತೂ ಧಾತುವೂ ಸಮಾನವೇ: ಎರಡು ನುಡಿಗಳಲ್ಲಿಯೂ 'ಎನ್ಯ್'. ಬಯಕೆಯಲ್ಲಿ ಕೂಡಿದ ನುಡಿಗಳು ಒಲವಿನಲ್ಲಿ ಬೇರ್ಪಟ್ಟಿರುವುದು ಕುತೂಹಲಕರ. 1940ರ ದಶಕದಲ್ಲಿ ಲುಹ್ಯಾಕ್ಕೆ ಏಕರೂಪದ ಬರಹಭಾಷೆಯನ್ನು ರೂಪಿಸುವ ಯತ್ನ ನಡೆಯಿತು. ಲೊಗೂಲಿ ತನ್ನ ಬರಹವನ್ನು ಬೇರೆಯಾಗಿಯೇ ಉಳಿಸಿಕೊಂಡಿತು. ಅಂತಹ ಶಿಷ್ಟರೂಪವನ್ನು ನಂಬಿದ ನಿಘಂಟೊಂದು ಈ ಎರಡು ಧಾತುಗಳಲ್ಲಿ ಒಂದನ್ನಷ್ಟೇ ಮುಖ್ಯ ಉಲ್ಲೇಖವಾಗಿಸಿದರೆ, ಮತ್ತೊಂದು ನುಡಿಸಮುದಾಯದ ನಿತ್ಯದ ಮಾತು ಕೇವಲ ಪ್ರಾದೇಶಿಕ ರೂಪವೆನಿಸಿಬಿಡುತ್ತದೆ.