ಸೋಮವಾರದ ಭಕ್ತಿ

ಹುಣಸಗಿ ಸೀಮೆಯ ಕ್ರೈಸ್ತ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ಭಾನುವಾರದ ಆರಾಧನೆಯನ್ನು ನೀವು ತಪ್ಪಿಸುವವರಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ. ಸೋಮವಾರದ ಮಾತಾಡೋಣ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನರ ಕಣ್ಣಿಗೆ ಬೀಳದಂತೆ ಮಾಡಲು ಹೇಳುತ್ತಾನೆ. ನಾವೋ ಉಪವಾಸವನ್ನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವವರು. (ಹಸಿವಿನ ಫೋಟೊ ಹೇಗೆ ತೆಗೆಯುತ್ತಾರೋ!)

ಪ್ರಾರ್ಥನೆಗಿಂತ ಕಷ್ಟದ್ದು ಕೂಲಿ ಲೆಕ್ಕ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಭತ್ತದ ನಾಟಿಗೆ ಆಳು ಸಿಗುವುದೇ ಕಷ್ಟ. ಕೈಕಾಲು ಹಿಡಿದು ಕರೆತರುತ್ತೇವೆ. ನಾಟಿ ಮುಗಿದ ಮೇಲೆ ‘ಮುಂದಿನ ವಾರ ಬಾ ಯವ್ವಾ’ ಎನ್ನುತ್ತೇವೆ. ಕೂಲಿಯವರ ಹಣ ಮರುದಿನದವರೆಗೆ ನಿಮ್ಮಲ್ಲಿ ಉಳಿಯಬಾರದೆಂದು ಯಾಜಕಕಾಂಡದ 19ನೇ ಅಧ್ಯಾಯ ವಿಧಿಸುತ್ತದೆ. ತಡೆಹಿಡಿದ ಕೂಲಿಯೇ ಮೊರೆಯಿಡುತ್ತದೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಆ ಮೊರೆಯನ್ನು ಮೀರಿಸುವಷ್ಟು ಗಟ್ಟಿಯಾಗಿ ನಮ್ಮಿಂದ ಪ್ರಾರ್ಥಿಸಲಾದೀತೇ?

ಮನೆಯೊಳಗೂ ಅಷ್ಟೇ. ಕದ್ದು ಕುಡಿದವ, ಹೆಂಡತಿಯ ಮೇಲೆ ಕೈ ಎತ್ತಿದವ ಪಾಸ್ಟರ್ ಕಣ್ಣು ತಪ್ಪಿಸಬಹುದು, ಮಕ್ಕಳ ಕಣ್ಣು ತಪ್ಪಿಸಲಾರ. ಬೆಂಗಳೂರು, ಪುಣೆಗೆ ದುಡಿಯಲು ಹೋದವರನ್ನಂತೂ ಅಲ್ಲಿ ಗುರುತಿಸುವವರೇ ಇಲ್ಲ. ನಂಬಿಕೆಯ ನಿಜವಾದ ಪರೀಕ್ಷೆ ಅಲ್ಲೇ.

ಯಾರದಾದರೂ ಕೂಲಿ ಬಾಕಿ ಇದ್ದರೆ ಇವತ್ತು ಸಂಜೆಯೇ ಅವರ ಮನೆಗೆ ಹೋಗಿ ಕೊಟ್ಟು ಬನ್ನಿ.