ಹಾಡು ಒಂದು, ಸಾಫ್ಟ್‌ವೇರ್ ಮೂರು

ತಾಳ ಕಟ್ಟೋಕೆ ಎಫ್‌ಎಲ್ ಸ್ಟುಡಿಯೋ, ದನಿ ಹಿಡಿಯೋಕೆ ರೀಪರ್, ಈಗ ಗೆಳೆಯ ಹೇಳಿದ ಅಂತ ಏಬಲ್ಟನ್ ಲೈವ್ ಬೇರೆ ಹಾಕಿಕೊಂಡಿದ್ದೀಯ. ಮೂರರಲ್ಲಿ ಯಾವುದು ಇಟ್ಟುಕೊಳ್ಳಲಿ ದೊಡ್ಡಪ್ಪ ಅಂತ ಕೇಳಿದೆಯಲ್ಲ, ಯಾವುದನ್ನೂ ತೆಗೆಯೋದು ಬೇಡ ಮಗ. ಆದರೆ ಹಾಡು ಯಾವುದರಲ್ಲಿ ಮುಗಿಯಬೇಕು ಅನ್ನೋದನ್ನ ಮೊದಲ ದಿನವೇ ತೀರ್ಮಾನ ಮಾಡು. ಮಿಕ್ಕಿದ್ದೆಲ್ಲ ಅದಕ್ಕೆ ಮಾಲು ಒದಗಿಸೋ ಕೆಲಸ ಮಾಡಲಿ.

ನನ್ನ ಕೇಳಿದರೆ ಮುಗಿಸೋಕೆ ರೀಪರ್. 60 ದಿನ ಯಾವ ತಡೆಯೂ ಇಲ್ಲದೆ ಬಳಸಿ ನೋಡಬಹುದು, ಆಮೇಲೆ ನಿನ್ನಂಥವರಿಗೆ ಲೈಸೆನ್ಸ್ 60 ಡಾಲರ್. ಹಳೇ ಲ್ಯಾಪ್‌ಟಾಪಿಗೂ ಭಾರವಾಗಲ್ಲ. ಎಫ್‌ಎಲ್‌ನ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟು ದುಡ್ಡು ಕಟ್ಟೋ ತನಕ ಮತ್ತೆ ತೆರೆದುಕೊಳ್ಳಲ್ಲ. ಆದರೆ ವೇವ್ ಫೈಲನ್ನ ಮಾತ್ರ ತಕರಾರಿಲ್ಲದೆ ಹೊರಗೆ ಕೊಡುತ್ತೆ, ಕೂತ ದಿನವೇ ಹೊರಗೆ ತೆಗೆದುಬಿಡು. ಕ್ರ್ಯಾಕ್ ಮಾಡಿದ್ದು ಬೇಡ. ನೀತಿ ಹೇಳ್ತಿಲ್ಲ ನಾನು. ಅದರ ಜೊತೆ ಏನೇನು ವೈರಸ್ ಬರುತ್ತೋ ಬಲ್ಲವರಿಲ್ಲ, ವಿಂಡೋಸ್ ಹೊಸದು ಮಾಡಿದ ಮಾರನೇ ದಿನ ಹಾಡೂ ತೆರೆಯದೆ ಕೂರುತ್ತೆ.

ನಮ್ಮ ಕಡೆ ಕಾಫಿ ಹೇಗೆ ಹೋಗುತ್ತೆ ನೋಡು. ತೋಟದಲ್ಲಿ ಪಲ್ಪರ್ ಮಾಡಿ ಕಣದಲ್ಲಿ ಒಣಗಿಸ್ತೀವಿ, ಹಾಸನದ ಕ್ಯೂರಿಂಗ್ ವರ್ಕ್ಸಲ್ಲಿ ಸಿಪ್ಪೆ ತೆಗೆದು ದರ್ಜೆ ಮಾಡ್ತಾರೆ, ಹುರಿಯೋನು ಇನ್ನೆಲ್ಲೋ ಇರ್ತಾನೆ. ಪಲ್ಪರ್ ಮಿಷನ್ನು ಲಾರಿ ಹತ್ತಿ ಹಾಸನಕ್ಕೆ ಹೋಗಲ್ಲ, ಬೀಜ ಹೋಗುತ್ತೆ. ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಹೋಗಬೇಕಾದ್ದೂ ಬರೀ ದನಿ. ಪ್ರಾಜೆಕ್ಟ್ ಫೈಲನ್ನ ದಾಟಿಸೋಕೆ ಹೋಗಬೇಡ. 2023ರಲ್ಲಿ ಬಿಟ್‌ವಿಗ್, ಪ್ರಿಸೋನಸ್ ಕಂಪನಿಗಳು ಡಾ-ಪ್ರಾಜೆಕ್ಟ್ ಅಂತ ಒಂದು ಸಾಮಾನ್ಯ ಫಾರ್ಮ್ಯಾಟ್ ತಂದವು. ಒಳ್ಳೇದೇ, ಆದರೆ ಅದನ್ನ ಎಲ್ಲ ಸಾಫ್ಟ್‌ವೇರೂ ಓದಲ್ಲ.

ಎರಡು ಸಾಫ್ಟ್‌ವೇರನ್ನ ಒಟ್ಟಿಗೆ ತೆರೆದು ಜೋಡಿಸೋ ಆಸೆ ಇದೆಯಲ್ಲ, ಅದೂ ಬೇಡ. ಹಿಂದೆ ರೀವೈರ್ ಅಂತ ಒಂದು ವ್ಯವಸ್ಥೆ ಇತ್ತು. ಒಂದು ಸಾಫ್ಟ್‌ವೇರಿನ ದನಿ ನೇರ ಇನ್ನೊಂದರ ಮಿಕ್ಸರಿಗೆ ಬರ್ತಿತ್ತು, ತಾಳವೂ ಜೊತೆಗೇ ಓಡ್ತಿತ್ತು. 2020ರ ಕೊನೆಗೆ ಅದನ್ನ ಮಾಡಿದವರೇ ಕೈಬಿಟ್ಟರು. ಅದನ್ನ ನಂಬಿ ಹಾಡು ಅರ್ಧಕ್ಕೆ ಇಟ್ಟವರೆಲ್ಲ ಹಳೇ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕಾಯ್ತು. ವಿಂಡೋಸಲ್ಲಿ ಇನ್ನೊಂದು ಪೀಕಲಾಟ: ಎಷ್ಟೋ ಆಸಿಯೋ ಡ್ರೈವರ್‌ಗಳು ಒಂದು ಸಲಕ್ಕೆ ಒಂದೇ ಸಾಫ್ಟ್‌ವೇರಿಗೆ ದಾರಿ ಬಿಡೋದು. ಎರಡು ತೆರೆದರೆ ಒಂದು ಮೂಕ.

ಹಾಗಾದರೆ ದಾಟಿಸೋದು ಹೇಗೆ? ಎಫ್‌ಎಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಮಿಕ್ಸರ್ ಟ್ರ್ಯಾಕ್‌ಗಳನ್ನ ಬೇರೆಬೇರೆ ಮಾಡಿಕೊಡೋ ಆಯ್ಕೆ ಇದೆ, ಅದನ್ನ ಒತ್ತು. ಡೊಳ್ಳು ಹದಿನೇಳನೇ ಬಾರಲ್ಲಿ ಶುರುವಾದರೂ ಅದರ ಫೈಲು ಸೊನ್ನೆಯಿಂದಲೇ ಶುರುವಾಗಬೇಕು, ಮುಂದಿನ ಮೌನವೂ ಸೇರಿ. ಆಗ ರೀಪರಿಗೆ ತಂದು ಎಲ್ಲವನ್ನೂ ಎಡತುದಿಗೆ ತಳ್ಳಿದರೆ ತಾನೇ ಕೂತುಕೊಳ್ಳುತ್ತೆ, ಅಂದಾಜಲ್ಲಿ ಎಳೆದಾಡೋದು ತಪ್ಪುತ್ತೆ. ಕೊನೇ ಪೆಟ್ಟಿನ ಗುಂಯ್‌ಗುಟ್ಟುವಿಕೆ ಅರ್ಧಕ್ಕೆ ಕತ್ತರಿಸಿ ಹೋಗದ ಹಾಗೆ ಬಾಲ ಉಳಿಸು. ಮಾಸ್ಟರ್ ಮೇಲೆ ಎಫ್‌ಎಲ್ ತಾನಾಗಿ ಇಟ್ಟಿರೋ ಲಿಮಿಟರ್ ಇದ್ದರೆ ಮೊದಲು ತೆಗಿ. ಕೀಬೋರ್ಡ್ ನುಡಿಸಿದ್ದರೆ ಅದರ ಮಿಡಿ ಫೈಲೂ ಒಂದು ಇರಲಿ. ಮಿಡಿಯಲ್ಲಿ ಯಾವ ಸ್ವರ, ಯಾವಾಗ, ಎಷ್ಟು ಒತ್ತಿ ಅನ್ನೋದಷ್ಟೇ ಇರುತ್ತೆ, ನಾದ ಇರಲ್ಲ. ಆ ವಾದ್ಯದ ಪ್ಲಗಿನ್ ನಾಳೆ ಸತ್ತರೂ ಬೇರೆ ವಾದ್ಯದಲ್ಲಿ ಅದೇ ಸ್ವರ ನುಡಿಸಿಕೊಳ್ಳಬಹುದು.

ಈಗ ನೀನು ಅಜ್ಜಿಯಂದಿರ ಸೋಬಾನೆ ಹಿಡಿಯೋಕೆ ಹೊರಟಿದ್ದೀಯಲ್ಲ, ಅಲ್ಲಿಗೆ ಬರ್ತೀನಿ. ಮೂರೂ ಸಾಫ್ಟ್‌ವೇರಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಅಂತ ಮೊದಲೇ ಒಂದೇ ಸಮ ಮಾಡಿಬಿಡು. 44.1ರಲ್ಲಿ ಹಿಡಿದಿದ್ದನ್ನ 48ರದು ಅಂದುಕೊಂಡು ನುಡಿಸಿದರೆ 5 ನಿಮಿಷದ ಹಾಡು 4 ನಿಮಿಷ 36 ಸೆಕೆಂಡಿಗೆ ಮುಗಿಯುತ್ತೆ, ಶ್ರುತಿ ಒಂದೂವರೆ ಸೆಮಿಟೋನ್ ಮೇಲೇರುತ್ತೆ. ಎಷ್ಟೋ ಸಾಫ್ಟ್‌ವೇರ್ ತಾನೇ ಹೊಂದಿಸಿಕೊಳ್ಳುತ್ತೆ ನಿಜ. ಹೊಂದಿಸದೆ ಹೋದಾಗ ಅದು ಪೂರ್ತಿ ಕೆಟ್ಟ ಹಾಗೆ ಕೇಳಲ್ಲ, ಎಪ್ಪತ್ತರ ಅಜ್ಜಿ ಐವತ್ತರವಳ ಹಾಗೆ ಲವಲವಿಕೆಯಿಂದ ಹಾಡಿದ ಹಾಗೆ ಕೇಳುತ್ತೆ. ನೀನು ಖುಷಿಪಡ್ತೀಯ, ಅವಳ ಮಗಳು ಮಾತ್ರ ಇದು ನಮ್ಮವ್ವನ ದನಿಯಲ್ಲ ಅಂತಾಳೆ.

ಏಬಲ್ಟನ್ ಬಗ್ಗೆ ಹುಷಾರು. ಉದ್ದನೆ ಫೈಲು ಹಾಕಿದ ಕೂಡಲೇ ತಾನೇ ತಾಳ ಊಹಿಸಿ ಅದಕ್ಕೆ ತಕ್ಕ ಹಾಗೆ ಎಳೆದು ಕುಗ್ಗಿಸೋ ಚಾಳಿ ಅದಕ್ಕಿದೆ. ಆಟೋ ವಾರ್ಪ್ ಅನ್ನೋದನ್ನ ಸೆಟ್ಟಿಂಗಲ್ಲಿ ಆಫ್ ಮಾಡು. ರೀಪರ್‌ನಲ್ಲೂ ಟೈಮ್‌ಬೇಸ್ ಬೀಟ್ಸ್ ಅಂತಿದ್ದರೆ ಟೆಂಪೋ ಬದಲಿಸಿದಾಗ ದನಿಯೂ ಹಿಗ್ಗುತ್ತೆ, ಅದನ್ನ ಟೈಮ್‌ಗೆ ಇಡು. ಸೋಬಾನೆಯಲ್ಲಿ ಒಂದು ಗುಂಪು ಹೇಳುತ್ತೆ, ಇನ್ನೊಂದು ಗುಂಪು ತಿರುಗಿ ಹೇಳುತ್ತೆ. ಮೊದಲನೆಯವರ ಕೊನೇ ಮಾತಿನ ಮೇಲೆ ಎರಡನೆಯವರು ಹತ್ತಿಕೊಂಡೇ ಬರ್ತಾರೆ. ಆ ಹತ್ತಿಕೊಳ್ಳೋದರಲ್ಲೇ ಹಾಡು ಇರೋದು. ಅದನ್ನ ಗೆರೆಗೆ ತಂದು ಕೂರಿಸಿದರೆ ಶಾಲೆ ಪ್ರಾರ್ಥನೆ ಆಗುತ್ತೆ. ಹಿನ್ನೆಲೆಯಲ್ಲಿ ತಾಳ ಬೇಕೇ ಬೇಕು ಅಂದರೆ ಅವರು ಹಾಡಿದ್ದರ ಮೇಲೆ ಟೆಂಪೋ ಗುರುತು ಹಾಕಿಕೊಂಡು ಡೊಳ್ಳನ್ನ ಅದಕ್ಕೆ ಹೊಂದಿಸು. ಶ್ರುತಿಯೂ ಅಷ್ಟೇ. ಅವರ ಷಡ್ಜ ನಿನ್ನ ಕೀಬೋರ್ಡಿನ ಎರಡು ಕೀಲಿ ಮಧ್ಯೆ ಎಲ್ಲೋ ಇರುತ್ತೆ. ಟ್ಯೂನರ್ ಇಟ್ಟು ಎಷ್ಟು ಸೆಂಟ್ಸ್ ಅಂತ ನೋಡಿ ಸಿಂತನ್ನ ಆಚೀಚೆ ಮಾಡು, ಅಜ್ಜಿಗೆ ಆಟೋಟ್ಯೂನ್ ಹಾಕಬೇಡ.

ಸಲಕರಣೆ ಸಾಲದು ಅಂತ ಕೊರಗಬೇಡ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕರು ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಇವತ್ತು ದೇಶವೆಲ್ಲ ಹೇಳೋ ಆಕಾಶವಾಣಿ ಅನ್ನೋ ಹೆಸರು ಆ ಮನೆಯಿಂದ ಬಂದದ್ದು. ನಿನ್ನ ಅಟ್ಟದ ಕೋಣೆಗೆ ಎರಡು ದಪ್ಪ ಕಂಬಳಿ ಇಳಿಬಿಟ್ಟರೆ ದನಿಗೆ ಸಾಕು. ನಿಮ್ಮೂರು ಪಾಳ್ಯದಲ್ಲಿ ಕಷ್ಟ ಬೇರೆಯದು. ಹೆದ್ದಾರಿ ಲಾರಿಯ ಗುಡುಗು ಕೆಳಗಿನ ಸ್ವರಗಳಲ್ಲಿ ಬಂದು ಸೇರುತ್ತೆ, ಹೆಂಗಸರ ದನಿಗೆ 80 ಹರ್ಟ್ಸ್ ಕೆಳಗೆ ಧಾರಾಳವಾಗಿ ಕತ್ತರಿಸಬಹುದು. ಶೀಟಿನ ಮೇಲೆ ಬೀಳೋ ಮಳೆಯನ್ನ ಮಾತ್ರ ಯಾವ ಪ್ಲಗಿನ್ನೂ ಪೂರ್ತಿ ತೆಗೆಯಲ್ಲ. ಜೂನಿಂದ ಸೆಪ್ಟೆಂಬರ್ ತನಕ ಹೆಡ್‌ಫೋನ್ ಹಾಕಿ ಮಿಕ್ಸಿಂಗ್ ಮಾಡು, ಹಾಡಿಸೋದನ್ನ ಕಾಫಿ ಕುಯ್ಲು ಮುಗಿದ ಮೇಲೆ, ಸುಗ್ಗಿ ಹೊತ್ತಿಗೆ ಇಟ್ಟುಕೋ. ಆಗ ಡೊಳ್ಳಿನವರೂ ಸಿಗ್ತಾರೆ. ಆನೆ ಈ ಕಡೆ ಇಳಿದಿದೆ ಅಂತ ಮೆಸೇಜ್ ಬಂದ ದಿನ ಕತ್ತಲಾದ ಮೇಲೆ ಯಾರನ್ನೂ ಕರೆಸಬೇಡ. ಹಾಡು ನಾಳೆಯೂ ಹಾಡಿಸಬಹುದು. ಕರೆಂಟ್ ಹೋಗೋದು ಹೇಗೂ ಇದ್ದದ್ದೇ, ಇಂಟರ್‌ಫೇಸಿಗೂ ಸೇರಿಸಿ ಯುಪಿಎಸ್ ಇರಲಿ.

ಮುಗಿದ ಮೇಲೆ ಒಂದು ಫೋಲ್ಡರ್ ಮಾಡು. 48ರ 24 ಬಿಟ್ ಮೋನೋ ದನಿ ನಿಮಿಷಕ್ಕೆ 8.64 ಎಂಬಿ, 20 ಟ್ರ್ಯಾಕಿನ 5 ನಿಮಿಷದ ಹಾಡು ಒಂದು ಜಿಬಿಯೂ ಆಗಲ್ಲ. ಎರಡು ಕಡೆ ಇಡು, ಎರಡರಲ್ಲಿ ಒಂದು ನಿಮ್ಮನೆಯಲ್ಲಿ ಬೇಡ. ಒಳಗೆ ಒಂದು ಬರಹದ ಫೈಲಿರಲಿ: ಟೆಂಪೋ, ಶ್ರುತಿ ಎಷ್ಟು ಸೆಂಟ್ಸ್ ಆಚೀಚೆ, ಯಾವ ಊರು, ಯಾವ ದಿನ, ಯಾರು ಹೇಳಿಕೊಟ್ಟವರು, ಯಾರು ಸೊಲ್ಲು ತಿರುಗಿಸಿದವರು, ಒಬ್ಬೊಬ್ಬರ ಹೆಸರೂ. ಯೂಟ್ಯೂಬಿಗೆ ಹಾಕುವಾಗ ಬರೀ ಜನಪದ ಅಂತ ಬರೆದು ಕೈ ತೊಳೆಯಬೇಡ, ಹಾಕೋ ಮೊದಲು ಅವರನ್ನ ಕೇಳು, ಕೇಳಿಸಿಯೂ ನೋಡು. ಹಾಸನಕ್ಕೆ ಬಂದಾಗ ಆ ಫೋಲ್ಡರನ್ನೇ ಪೆನ್‌ಡ್ರೈವಲ್ಲಿ ತಗೊಂಡು ಬಾ. ವಾಟ್ಸಾಪಲ್ಲಿ ಕಳಿಸಿದರೆ ನಾನು ಕೇಳಲ್ಲ.